ಮಗುವಿನ ಬಾಯಿ ಮತ್ತು ಆಟಿಕೆಯ ಬಣ್ಣ

ಬೆಂಗಳೂರಿನಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ಹತ್ತು ತಿಂಗಳ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ಎಷ್ಟು ಗದರಿದರೂ ಬಿಡುವುದಿಲ್ಲ, ಏನು ಮಾಡಲಿ ಸರ್ ಎಂದು ಕೇಳಿದ್ದಾಳೆ. ನಾನು ಚರಿತ್ರೆ ಕಲಿಸಿದವನು, ವೈದ್ಯನಲ್ಲ. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದನ್ನರಿತರೆ ಗದರಬೇಕಾದುದು ಮಗುವನ್ನಲ್ಲ ಎಂಬುದು ತಿಳಿಯುತ್ತದೆ.

ಹಸುಳೆಗೆ ಬಾಯಿಯೇ ಮೊದಲ ಪಾಠಶಾಲೆ. ಇನ್ನಂಜೆಯ ನಮ್ಮ ಮನೆಗಳಲ್ಲಿ ಹಿಂದೆ ಅದರ ಕೈಗೆ ಸಿಗುತ್ತಿದ್ದುದು ತೆಂಗಿನ ಗೆರಟೆ, ಮರದ ಸಟ್ಟುಗ. ಕಚ್ಚಿದರೆ ಹೆಚ್ಚಿನ ಹಾನಿಯಿರಲಿಲ್ಲ. ಅಪಾಯ ಬಂದದ್ದು ಬಣ್ಣದೊಂದಿಗೆ.

ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಮಕ್ಕಳಿಗೆ ಸೀಸದ ವಿಷವೇರುತ್ತಿತ್ತು. ಮೂಲ ಮಾತ್ರ ತಿಳಿಯದು. 1904ರಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ನೇತ್ರವೈದ್ಯರು ಜಗಲಿಯ ಕಟಕಟೆಯತ್ತ ಬೆರಳು ತೋರಿದರು. ಸೀಸ ಬೆರೆತ ಬಣ್ಣ ಬಿಸಿಲಿಗೆ ಪುಡಿಯಾಗಿ ಮಕ್ಕಳ ಕೈಗೆ ಅಂಟುತ್ತಿತ್ತು. ಬೆರಳು ಚೀಪುವ, ಉಗುರು ಕಚ್ಚುವ ಮಕ್ಕಳೇ ಅದಕ್ಕೆ ತುತ್ತಾಗುತ್ತಿದ್ದರು. ದುರಭ್ಯಾಸ ಮಗುವಿನದೆಂದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಆ ಪ್ರಾಂತ್ಯ ಹಾಗೆ ಮಾಡದೆ 1922ರಲ್ಲಿ ಮಕ್ಕಳ ಕೈಗೆಟುಕುವೆಡೆ ಸೀಸದ ಬಣ್ಣ ಬಳಿಯುವುದನ್ನು ಕಾನೂನಿನಿಂದ ತಡೆಯಿತು. ಅಮೆರಿಕ ಮನೆಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅರಿವಿಗೂ ಕಾನೂನಿಗೂ ನಡುವೆ ಎಷ್ಟೊಂದು ಬಾಲ್ಯಗಳು ಕಳೆದುಹೋದವೋ!

ನಮ್ಮಲ್ಲಿ? 1999ರಲ್ಲಿ ಪ್ರಕಟವಾದ, ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಪರೀಕ್ಷೆಯಲ್ಲಿ, 12 ವರ್ಷದೊಳಗಿನ ಅರ್ಧಕ್ಕೂ ಹೆಚ್ಚು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿದ ಸೀಸ ಕಂಡುಬಂತು. ಆಗ ಮುಖ್ಯ ಅಪರಾಧಿ ಪೆಟ್ರೋಲ್; 2000ದಲ್ಲಿ ಅದರಿಂದ ಸೀಸವನ್ನು ತೆಗೆದರು. ಮನೆಬಣ್ಣಕ್ಕೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಎಳೆಯರ ದೇಹ ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ; ಮಿದುಳಿಗೆ ತಟ್ಟಿದ ಪೆಟ್ಟು ಮರಳಿ ಸರಿಹೋಗುವಂಥದಲ್ಲ.

ಹಾಗಾದರೆ ಕಚ್ಚಲು ಏನು ಕೊಡೋಣ? ಚನ್ನಪಟ್ಟಣದ ಗೊಂಬೆ ನೆನಪಾಗುವುದು ಸಹಜ. ಟಿಪ್ಪುವಿನ ಕಾಲದಲ್ಲಿ ಪರ್ಷಿಯದ ಕುಶಲಕರ್ಮಿಗಳಿಂದ ಈ ವಿದ್ಯೆ ಬಂತೆಂದು ಪ್ರತೀತಿ. ಹಾಲೆ ಮರವನ್ನು (ಆಟಿ ಅಮಾವಾಸ್ಯೆಗೆ ನಾವು ಕಷಾಯ ಮಾಡುವ ಹಾಲೆಯಲ್ಲ, ಅದು ಬೇರೆ ಜಾತಿ) ಚರಕಿಯಲ್ಲಿ ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಎಲೆಯಿಂದ ಉಜ್ಜಿದರೆ ಹೊಳಪು. ಅರಗು ನಿರಪಾಯಕಾರಿ. ಆದರೆ ಅದರೊಳಗಿನ ಬಣ್ಣ ಅರಿಸಿನ, ನೀಲಿಗಿಡಗಳದೋ ರಾಸಾಯನಿಕವೋ ಎಂಬುದೇ ಪ್ರಶ್ನೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಭೌಗೋಳಿಕ ಗುರುತು ಪಡೆದ ಕರಕುಶಲ ವಸ್ತುಗಳಿಗೆ ವಿನಾಯಿತಿ ಸಿಕ್ಕಿತು. ಬಡ ಕುಶಲಕರ್ಮಿಯ ದೃಷ್ಟಿಯಿಂದ ಅದು ನ್ಯಾಯವೇ. ಆದ್ದರಿಂದ ಪ್ರಶ್ನೆ ಕೇಳುವ ಹೊಣೆ ಕೊಳ್ಳುವವರ ಮೇಲೆ ಬಿದ್ದಿದೆ. ಸಂದೇಹವಿದ್ದರೆ ಬಣ್ಣವಿಲ್ಲದ, ನಯವಾಗಿ ಕೆತ್ತಿದ ಮರದ ಬಳೆಯೇ ಸಾಕು.

ಎರಡು ವರ್ಷ ದಾಟಿದ ಮೇಲೂ ಮಗು ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದರೆ ವೈದ್ಯರಿಗೆ ತೋರಿಸಿ, ರಕ್ತಹೀನತೆ ಇರಬಹುದು.

ಇನ್ನು ರಜೆಗೆ ಊರಿಗೆ ಬರುವವರಿಗೆ ಒಂದು ಮಾತು. ನಮ್ಮ ಹಳೆಯ ಮನೆಗಳ ದಳಿ, ಕಿಟಕಿಗಳಲ್ಲಿ 2017ಕ್ಕಿಂತ ಹಿಂದಿನ ಬಣ್ಣದ ಪದರಗಳಿವೆ. ಹೊಸ ಬಣ್ಣ ಹೊಡೆಸುವಾಗ ಹಳೆಯದನ್ನು ಒಣಗಿದ್ದಂತೆಯೇ ಕೆರೆಯಿಸಬೇಡಿ. ನೀರು ಹನಿಸಿ ಉಜ್ಜಿಸಿ. ಧೂಳನ್ನು ಒದ್ದೆಬಟ್ಟೆಯಿಂದ ಒರೆಸಿ ಮುಗಿಯುವವರೆಗೆ ಮಗು ಪಕ್ಕದ ಮನೆಯಲ್ಲಿರಲಿ.