ಕಾದಂಬರಿಯೆಂಬ ಹೆಸರೂ ಕುತೂಹಲದ ಕಥೆಗಳೂ

ಕಳೆದ ತಿಂಗಳು ಕತ್ತಲಗೆರೆಯ ನಮ್ಮ ಮನೆಯಲ್ಲಿ ಒಂದು ರಾತ್ರಿ ಹನ್ನೆರಡು ಹೊಡೆದ ಮೇಲೆಯೂ ನಡುಮನೆಯಲ್ಲಿ ಬೆಳಕು ಕಾಣುತ್ತಿದ್ದಿತು. ಎದ್ದು ಹೋಗಿ ನೋಡಲಾಗಿ, ನನ್ನ ಸೊಸೆಯು ಮೊಬೈಲಿನಲ್ಲಿ ಹೊಸ ಕಾದಂಬರಿಯೊಂದನ್ನು ಓದುತ್ತ ಕುಳಿತಿದ್ದಳು. "ಏನಮ್ಮಾ, ಇನ್ನೂ ಮಲಗಲಿಲ್ಲವೆ?" ಎಂದೆನು. "ಮಾವಾ, ಹುಡುಗಿಗೆ ಕಾಗದ ಬರೆಯುತ್ತಿರುವವನು ಇವನೇ ಹೌದೋ ಅಲ್ಲವೋ ಎಂಬುದೊಂದು ತಿಳಿದುಬಿಟ್ಟರೆ ಮಲಗುತ್ತೇನೆ" ಎಂದಳು. ನಾನು ಬೆಳಿಗ್ಗೆ ಅದೇ ಕಥೆಯನ್ನು ಹಿಡಿದವನು ಸ್ನಾನದ ಹೊತ್ತನ್ನೂ ಮೀರಿಸಿದೆನೆಂದು ಇಲ್ಲಿ ಒಪ್ಪಿಕೊಳ್ಳುವುದೇ ಲೇಸು.

ಪ್ರಣಯವೂ ರಹಸ್ಯವೂ ಕೂಡಿದ ಇಂತಹ ಕಥೆಗಳನ್ನು ಕುರಿತು ನಮ್ಮ ವಿದ್ವಾಂಸರಲ್ಲಿ ಅನೇಕರಿಗೆ ಒಂದು ಬಗೆಯ ತಾತ್ಸಾರವುಂಟು. ಇವು ಹೊತ್ತು ಕಳೆಯುವ ಸಾಧನಗಳೆಂದೂ, ಇಂಗ್ಲಿಷಿನಿಂದ ಬಂದ ಹವ್ಯಾಸವೆಂದೂ, ಹೆಂಗಸರ ಓದೆಂದೂ ಹೇಳುವುದು ವಾಡಿಕೆ. ನಾನೂ ಒಂದು ಕಾಲಕ್ಕೆ ಹಾಗೆಯೇ ಹೇಳಿದವನು. ಆದರೆ ಚರಿತ್ರೆಯನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅದನ್ನು ತೋರಿಸುವುದಕ್ಕೆ ದೂರ ಹೋಗಬೇಕಾದ ಅವಶ್ಯಕತೆಯಿಲ್ಲ. ಈ ಸಾಹಿತ್ಯಪ್ರಕಾರಕ್ಕೆ ನಾವು ಇಟ್ಟುಕೊಂಡಿರುವ ಹೆಸರೊಂದೇ ಸಾಕು.

ಬಂಗಾಳಿಗಳೂ ಹಿಂದೀಭಾಷಿಕರೂ ಇದನ್ನು 'ಉಪನ್ಯಾಸ'ವೆನ್ನುತ್ತಾರೆ. ನಮ್ಮಲ್ಲಿ ಉಪನ್ಯಾಸವೆಂದರೆ ಸಭಿಕರು ತೂಕಡಿಸುವುದಕ್ಕೆ ಅನುಕೂಲವಾದ ಬೇರೊಂದು ವಸ್ತು. ಕನ್ನಡಿಗರೂ ಮರಾಠಿಗರೂ 'ಕಾದಂಬರಿ'ಯೆಂಬ ಮಾತನ್ನು ಹಿಡಿದರು. ಅದಾದರೋ ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನ ಗದ್ಯಕಾವ್ಯದ ಹೆಸರು. ಆ ಕಾವ್ಯದ ನಾಯಿಕೆಯ ಹೆಸರು. ಒಬ್ಬ ಪ್ರೇಮಿಕೆಯ ಹೆಸರು ಒಂದು ಸಾಹಿತ್ಯಪ್ರಕಾರಕ್ಕೇ ನಿಂತುಹೋದುದು ಸಾಮಾನ್ಯ ಸಂಗತಿಯೆ?

ಆ ಕಥೆಯ ಕಟ್ಟನ್ನಾದರೂ ನೋಡಿರಿ. ಶೂದ್ರಕನೆಂಬ ರಾಜನ ಸಭೆಗೆ ಚಂಡಾಲಕನ್ಯೆಯೊಬ್ಬಳು ಪಂಜರದ ಗಿಳಿಯನ್ನು ತರುತ್ತಾಳೆ. ಗಿಳಿಯು ತನ್ನ ಕಥೆಯನ್ನು ಹೇಳುತ್ತದೆ. ಅದರೊಳಗೆ ಜಾಬಾಲಿ ಋಷಿಯು ಹೇಳಿದ ಕಥೆ. ಅದರೊಳಗೆ ಮಹಾಶ್ವೇತೆಯು ಹೇಳಿದ ಕಥೆ. ಉಜ್ಜಯಿನಿಯ ರಾಜಪುತ್ರ ಚಂದ್ರಾಪೀಡನು ಕಿನ್ನರಮಿಥುನವೊಂದನ್ನು ಬೆನ್ನಟ್ಟಿ ದಾರಿತಪ್ಪಿ ಅಚ್ಛೋದ ಸರೋವರದ ತಡಿಗೆ ಬರುತ್ತಾನೆ. ಅಲ್ಲಿಯ ಶಿವಾಲಯದಲ್ಲಿ ಬಿಳುಪೇ ಮೈವೆತ್ತಂತೆ ತಪಸ್ವಿನಿಯೊಬ್ಬಳು ವೀಣೆಯನ್ನು ಬಾರಿಸುತ್ತಿರುವಳು. ಈಕೆ ಯಾರು? ಈ ಎಳೆಯ ವಯಸ್ಸಿಗೆ ಈ ವ್ರತವೇಕೆ? ಅವಳ ಪ್ರಿಯನಾದ ಪುಂಡರೀಕನು ಸತ್ತನು ಸರಿ. ಆದರೆ ಅವನ ದೇಹವನ್ನು ಆಕಾಶಕ್ಕೆ ಎತ್ತಿಕೊಂಡು ಹೋದವನಾರು? ಮರಳಿ ಸಮಾಗಮವಾಗುವುದೆಂದು ಅವನು ಹೇಳಿದ ಮಾತಿಗೆ ಅರ್ಥವೇನು? ಗೆಳತಿಯ ದುಃಖ ತೀರುವ ತನಕ ತಾನೂ ಮದುವೆಯಾಗೆನೆಂದು ಹಟತೊಟ್ಟ ಕಾದಂಬರಿಯು ಚಂದ್ರಾಪೀಡನನ್ನು ಕಂಡ ಮೇಲೆ ಏನು ಮಾಡುವಳು? ಒಂದು ಪ್ರಶ್ನೆಗೆ ಉತ್ತರ ದೊರೆಯುವ ಮೊದಲೇ ಬಾಣನು ಇನ್ನೊಂದನ್ನು ಎಬ್ಬಿಸುತ್ತಾನೆ. ಕೊನೆಯಲ್ಲಿ ಗಿಳಿಯು ಯಾರೆಂಬುದೂ, ಕೇಳುತ್ತ ಕುಳಿತ ರಾಜನು ಯಾರೆಂಬುದೂ ಹೊರಬೀಳುತ್ತದೆ. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಓದದವರ ಸುಖವನ್ನು ಕೆಡಿಸುವ ಅಧಿಕಾರ ನನಗಿಲ್ಲ.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿಯೊಂದಿದೆ. ಬಾಣನು ಕಥೆಯನ್ನು ನಡುವೆಯೇ ಬಿಟ್ಟು ತೀರಿಕೊಂಡನು. ವಿರಹದಲ್ಲಿರುವ ಕಾದಂಬರಿಯ ಅವಸ್ಥೆಯನ್ನು ಪತ್ರಲೇಖೆಯು ಚಂದ್ರಾಪೀಡನಿಗೆ ತಿಳಿಸುತ್ತಿರುವಲ್ಲಿಯೇ ಗ್ರಂಥವು ನಿಂತುಹೋಯಿತು. ಕಥೆ ಮುಗಿಯದಿದ್ದುದಕ್ಕೆ ಸಜ್ಜನರು ಪಟ್ಟ ದುಃಖವನ್ನು ಕಂಡು ತಾನು ಇದನ್ನು ಪೂರ್ಣಗೊಳಿಸಿದೆನೆಂದು ಅವನ ಮಗನು ಉತ್ತರಭಾಗದ ಆರಂಭದಲ್ಲಿ ಹೇಳಿಕೊಂಡಿದ್ದಾನೆ. ಎಂದಮೇಲೆ, ಮುಂದೇನಾಯಿತೆಂದು ತಿಳಿಯದೆ ಸಂಕಟಪಟ್ಟವರು ಆ ಕಾಲದ ರಸಿಕರೇ ಅಲ್ಲವೆ?

ಕನ್ನಡದಲ್ಲಿ ಈ ಕಥೆಯನ್ನು ತಂದವನು ನಾಗವರ್ಮ. ಹತ್ತನೆಯ ಶತಮಾನದ ಕೊನೆಯ ಭಾಗದವನೆಂದು ಸಾಮಾನ್ಯವಾಗಿ ಎಣಿಸಲ್ಪಟ್ಟಿರುವ ಈ ಕವಿಯು, ಪೂರ್ವೋತ್ತರ ಭಾಗಗಳೆರಡನ್ನೂ ಸಂಗ್ರಹಿಸಿ 'ಕರ್ಣಾಟಕ ಕಾದಂಬರಿ'ಯೆಂಬ ಚಂಪುವನ್ನು ರಚಿಸಿದನು. ಬಾಣನ ದೀರ್ಘವರ್ಣನೆಗಳನ್ನು ಮೊಟಕುಮಾಡಿದುದರಿಂದ ಕಥೆಯ ಓಟವು ಹೆಚ್ಚಿತೆಂದೇ ನನ್ನ ಅಭಿಪ್ರಾಯ. ಹನ್ನೆರಡನೆಯ ಶತಮಾನದಲ್ಲಿ ನೇಮಿಚಂದ್ರನು ಬರೆದ 'ಲೀಲಾವತೀ ಪ್ರಬಂಧ'ವೂ ಇದೇ ಜಾತಿಯದು. ಬನವಾಸಿಯ ರಾಜಕುಮಾರ ಕಂದರ್ಪದೇವನು ಕನಸಿನಲ್ಲಿ ಒಬ್ಬ ಕನ್ಯೆಯನ್ನು ಕಂಡು, ಊರುಹೆಸರು ತಿಳಿಯದ ಅವಳನ್ನು ಹುಡುಕುತ್ತ ಮಿತ್ರ ಮಕರಂದನೊಡನೆ ಹೊರಡುತ್ತಾನೆ. ಆ ಕನ್ಯೆಯೂ ಇವನನ್ನು ಕನಸಿನಲ್ಲಿ ಕಂಡಿದ್ದಾಳೆಂಬುದು ಓದುಗನಿಗೆ ತಿಳಿದಿದೆ, ಅವನಿಗೆ ತಿಳಿಯದು. ಸೊಸೆಯು ಓದುತ್ತಿದ್ದ ಕಥೆಯಲ್ಲಿ ಕನಸಿನ ಸ್ಥಾನದಲ್ಲಿ ಕಾಗದವಿದ್ದಿತು, ಅಷ್ಟೆ.

ಪಂಡಿತರ ಮಾತು ಹಾಗಿರಲಿ. ಅಕ್ಷರವರಿಯದವರೂ ಈ ರಸವನ್ನು ಬಲ್ಲವರೇ. ನಮ್ಮ ಚನ್ನಗಿರಿ ಸೀಮೆಯ ಸೂಳೆಕೆರೆಯ ಐತಿಹ್ಯವನ್ನು ಕೇಳದವರುಂಟೆ? ರಾಜಕುಮಾರಿ ಶಾಂತವ್ವೆಯು ಸಿದ್ಧನೊಬ್ಬನಿಗೆ ಮನಸೋತುದು, ಕೆರೆಯನ್ನು ಕಟ್ಟಿಸಬೇಕಾಗಿ ಬಂದುದು, ಆ ನೆಲದಲ್ಲಿದ್ದ ವೇಶ್ಯೆಯರು ಕೆರೆಗೆ ತಮ್ಮ ಹೆಸರಿರಬೇಕೆಂಬ ಕರಾರಿನ ಮೇಲೆ ಜಾಗ ಬಿಟ್ಟುದು—ಇದನ್ನು ಹೇಳುವವರಲ್ಲಿ ಪಾಠಭೇದಗಳು ಹಲವು. ಆದರೆ ಕರಾರು ಏನಾಗುವುದೋ ಎಂಬಲ್ಲಿ ಹೇಳುವವರೆಲ್ಲರೂ ಒಂದು ಗಳಿಗೆ ನಿಲ್ಲಿಸಿ ಎಲೆಯಡಕೆಗೆ ಕೈಚಾಚುವುದನ್ನು ನಾನು ಕಂಡಿದ್ದೇನೆ.

ಅಚ್ಚಿನ ಕಾಲದಲ್ಲಿ ಈ ದಾರಿಯನ್ನು ವಿಸ್ತಾರಗೊಳಿಸಿದವರು ಬಿ. ವೆಂಕಟಾಚಾರ್ಯರು (1845–1914). ನ್ಯಾಯಾಂಗದ ಅಧಿಕಾರಿಗಳಾಗಿದ್ದ ಇವರು ಬಂಗಾಳಿಯನ್ನು ಕಲಿತು, ಬಂಕಿಮಚಂದ್ರರು 1865ರಲ್ಲಿ ಪ್ರಕಟಿಸಿದ 'ದುರ್ಗೇಶನಂದಿನಿ'ಯನ್ನು 1885ರಲ್ಲಿ ಕನ್ನಡಿಗರ ಕೈಗಿತ್ತರು. ಬಿರುಗಾಳಿಯ ರಾತ್ರಿ, ನಿರ್ಜನವಾದ ದೇವಾಲಯ, ಒಳಗೆ ಇಬ್ಬರು ಸ್ತ್ರೀಯರು; ತಾವು ಯಾರೆಂಬುದನ್ನು ಅವರು ಹೇಳಲೊಲ್ಲರು. ಈ ಮೊದಲ ಪ್ರಕರಣವನ್ನು ಓದಿ ಪುಸ್ತಕವನ್ನು ಮಡಿಚಿಟ್ಟವರು ವಿರಳರಿರಬೇಕು. ಸರೋವರದ ತಡಿಯ ಶಿವಾಲಯವನ್ನು ವಾಚಕರು ಇಲ್ಲಿ ನೆನೆಯಬಹುದು.

ಮುಂದೆ ತ್ರಿವೇಣಿಯವರ (1928–1963) ಕೈಯಲ್ಲಿ ರಹಸ್ಯವು ದೇವಾಲಯವನ್ನೂ ಕೋಟೆಯನ್ನೂ ಬಿಟ್ಟು ಮನಸ್ಸಿನೊಳಕ್ಕೆ ಹೊಕ್ಕಿತು. 'ಶರಪಂಜರ'ದ ಕಾವೇರಿಯ ಗತಜೀವನದ ಘಟನೆಯೊಂದು ಅವಳ ಮನೋವ್ಯಾಧಿಯೊಡನೆ ಹೆಣೆದುಕೊಂಡು ಬರುವ ಬಗೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾದುದಿಲ್ಲ. 1965ರಲ್ಲಿ 'ಸುಧಾ' ವಾರಪತ್ರಿಕೆಯು ಆರಂಭವಾಯಿತು. ಇಂತಹ ಪತ್ರಿಕೆಗಳ ಧಾರಾವಾಹಿಗಳಿಂದಾಗಿ ಕಾಯುವಿಕೆಯೂ ಓದಿನ ಒಂದು ಅಂಗವಾಯಿತು.

ಆ ಕಾಯುವಿಕೆಯನ್ನು ನಾನು ನನ್ನ ಸೋದರತ್ತೆಯಲ್ಲಿ ಕಂಡೆನು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವಳು, ವಾರಪತ್ರಿಕೆಯು ಚನ್ನಗಿರಿಯಿಂದ ಬರುವ ದಿನ ಅಡಿಗೆಯನ್ನು ಬೇಗನೆ ಮುಗಿಸುವಳು. ಓದಿದುದನ್ನು ಅಕ್ಕಿಯ ಡಬ್ಬಿಯ ಹಿಂದೆ ಮುಚ್ಚಿಡುವಳು. ಒಮ್ಮೆ ಕಥೆಯ ಕೊನೆಯ ಕಂತು ಇದ್ದ ಸಂಚಿಕೆಯನ್ನು ಅವಳು ಓದುವುದಕ್ಕೆ ಮೊದಲೇ ತಾತನವರು ಹರಿದು ಅಡಕೆಯ ಪೊಟ್ಟಣ ಕಟ್ಟಿದರು. ಅವಳು ಯಾರಿಗೂ ಒಂದು ಮಾತನ್ನೂ ಹೇಳಲಿಲ್ಲ. ಆಗ ಕಾಲೇಜಿನಲ್ಲಿ ಓದುತ್ತಿದ್ದ ನಾನು, "ಹೋದರೆ ಹೋಯಿತು ಬಿಡತ್ತೆ, ಅದೇನು ಮಹಾಕಾವ್ಯವೆ?" ಎಂದು ನಕ್ಕೆನು. ಆಗಲೇ ನಾಗವರ್ಮನು ನನಗೆ ಪಠ್ಯವಾಗಿದ್ದನು; ಪರೀಕ್ಷೆಗೆ ಬೇಕಾದ ಅಲಂಕಾರಗಳೆಲ್ಲವೂ ಬಾಯಿಗೆ ಬರುತ್ತಿದ್ದುವು. ಬಾಣನ ಮಗನು ಕಂಡ ದುಃಖವೇ ನನ್ನೆದುರಿಗೆ ಅಡಿಗೆಮನೆಯ ಹೊಸಿಲಲ್ಲಿ ಕುಳಿತಿದ್ದಿತೆಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಅತ್ತೆಯು ಹೋಗಿ ಇಪ್ಪತ್ತು ವರ್ಷಗಳಾದುವು. ಆ ಧಾರಾವಾಹಿಯ ಹೆಸರನ್ನಾದರೂ ನಾನು ಕೇಳಿಟ್ಟುಕೊಂಡಿರಲಿಲ್ಲ.

ಸೊಸೆಯ ಕಾದಂಬರಿಯು ಮೊನ್ನೆ ಮುಗಿಯಿತು. ಈಗ ರಾತ್ರಿ ಊಟವಾದ ಮೇಲೆ ಅವಳಿಗೆ ನಾಗವರ್ಮನ ಕಥೆಯನ್ನು ದಿನಕ್ಕಿಷ್ಟರಂತೆ ಹೇಳುತ್ತಿದ್ದೇನೆ. ಮಹಾಶ್ವೇತೆಯ ವೃತ್ತಾಂತವು ಮುಗಿದಿದೆ. ಗಿಳಿಯು ಯಾರೆಂಬುದನ್ನು ಇನ್ನೂ ಹೇಳಿಲ್ಲ.