ವಾರ್ಡಿಗೂ ಮುಂಚೆ ಮಂಡಲವಿತ್ತು

ನಾಗರಿಕ ಸಹಭಾಗಿತ್ವದ ಚರಿತ್ರೆ ಹೇಳಲು ಕೂತವರು ಬೆಂಗಳೂರಿನಲ್ಲಿ ಸಾಮಾನ್ಯವಾಗಿ 1999ರಿಂದ ಶುರು ಮಾಡುತ್ತಾರೆ. ಎಸ್.ಎಂ. ಕೃಷ್ಣ ಅವರ ಸರ್ಕಾರ ಬೆಂಗಳೂರು ಅಜೆಂಡಾ ಕಾರ್ಯಪಡೆ ರಚಿಸಿತು, ನಂದನ್ ನಿಲೇಕಣಿ ಅದರ ಮುಂದಾಳಾದರು, 2001ರ ಕೊನೆಗೆ ಜನಾಗ್ರಹ ಎಂಬ ಸಂಸ್ಥೆ ಬಂತು, ಬಡಾವಣೆಗಳು ಎಚ್ಚೆತ್ತವು. ಈಚೆಗೆ ಈ ಕಥೆಯ ಕೊನೆಗೆ ಮೊಬೈಲ್ ಆ್ಯಪ್ ಬೇರೆ ಸೇರಿಕೊಂಡಿದೆ. ರಸ್ತೆಗುಂಡಿಯ ಫೋಟೊ ಹಾಕಿ ದೂರಿನ ಸಂಖ್ಯೆ ಪಡೆದರೆ ನೆರೆಹೊರೆಗೆ ಅಧಿಕಾರ ಬಂತೆಂದೇ ಲೆಕ್ಕ. ಹಳ್ಳಿಯ ಸ್ವಸಹಾಯ ಸಂಘಗಳ ಹೆಂಗಸರಿಗಾಗಲಿ, ಮಂಡಲ ಪಂಚಾಯಿತಿಯ ಪ್ರಧಾನರಿಗಾಗಲಿ ಇದರಲ್ಲಿ ಜಾಗವಿಲ್ಲ.

ಅದಕ್ಕೂ ಹಿಂದಿನ ಮೊದಲ ಅಧ್ಯಾಯ ಎಲ್ಲರಿಗೂ ಗೊತ್ತಿರುವುದೇ. ಅಮೆರಿಕದ ವಾಸ್ತುಶಿಲ್ಪಿ ಆಲ್ಬರ್ಟ್ ಮೇಯರ್ 1948ರಲ್ಲಿ ಉತ್ತರ ಪ್ರದೇಶದ ಇಟಾವಾದಲ್ಲಿ ನಡೆಸಿದ ಪ್ರಯೋಗದ ಬೆನ್ನಿಗೆ, 1952ರ ಅಕ್ಟೋಬರ್ 2ರಂದು 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಬ್ಲಾಕು ಬಂತು, ಅದರ ಅಭಿವೃದ್ಧಿ ಅಧಿಕಾರಿ (ಬಿಡಿಓ), ಗ್ರಾಮಸೇವಕ ಬಂದರು. ಊರಿನವರು ಶ್ರಮದಾನ ಮಾಡಿದರು, ತೀರ್ಮಾನ ಮಾತ್ರ ಕಚೇರಿಯಲ್ಲೇ ಆಗುತ್ತಿತ್ತು. ಜನರ ಆಸಕ್ತಿ ಉಳಿಯಬೇಕಾದರೆ ಚುನಾಯಿತ ಸಂಸ್ಥೆಗಳಿಗೆ ಅಧಿಕಾರ ಕೊಡಬೇಕೆಂದು ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲೇ ಹೇಳಿತು. ನಗರಗಳ ಪಾಲಿಗೆ 1958ರಲ್ಲಿ ದೆಹಲಿಯಲ್ಲೂ 1967ರಲ್ಲಿ ಹೈದರಾಬಾದಿನಲ್ಲೂ ಇಂಥದೇ ಯೋಜನೆಗಳು ಬಂದವು. ಮೈಸೂರು ರಾಜ್ಯದಲ್ಲಿ 1959ರ ಕಾಯ್ದೆಯಡಿ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಕೆಲಸ ಮಾಡಿದವು, ಆದರೆ ಕೈಯಲ್ಲಿ ದುಡ್ಡಿರಲಿಲ್ಲ.

ಕರ್ನಾಟಕದ ಮಟ್ಟಿಗೆ ನಿಜವಾದ ತಿರುವು ಬಂದದ್ದು ಎಂಬತ್ತರ ದಶಕದಲ್ಲಿ. ಅದು ಎರಡು ಕಡೆಯಿಂದ ಬಂತು.

ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಆ ಹೊತ್ತಿಗೆ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. 1984-85ರ ಸುಮಾರಿಗೆ ಅವು ಒಂದೊಂದಾಗಿ ಒಡೆದವು. ನೂರಾರು ಸದಸ್ಯರ ಸಂಘವನ್ನು ಒಬ್ಬಿಬ್ಬರು ದೊಡ್ಡವರು ಕೈಯಲ್ಲಿಟ್ಟುಕೊಂಡಿದ್ದರು. ಸಾಲ ಪಡೆದವರು ತಪ್ಪಿಸಿಕೊಳ್ಳಲಿಲ್ಲ. ಹಣ ತೀರಿಸುತ್ತೇವೆ, ಆದರೆ ಸಹಕಾರ ಸಂಘಕ್ಕಲ್ಲ, ನಮ್ಮ ಸಣ್ಣ ಗುಂಪಿಗೆ ಎಂದರು. ಅಲೋಷಿಯಸ್ ಫರ್ನಾಂಡಿಸ್ ಅವರ ನೇತೃತ್ವದ ಸಂಸ್ಥೆ ಆ ಮಾತನ್ನು ಒಪ್ಪಿಕೊಂಡಿತು. ದೊಡ್ಡ ಯೋಜನೆಗಳ ಇತಿಹಾಸದಲ್ಲಿ ಇಂಥ ವಿನಯ ಅಪರೂಪ.

ಈ ಗುಂಪುಗಳ ಒಳಗೆ ನಡೆಯುತ್ತಿದ್ದುದನ್ನು ಹತ್ತಿರದಿಂದ ನೋಡಬೇಕು. ಪರಸ್ಪರ ನಂಬಿಕೆಯಿದ್ದ ಹದಿನೈದಿಪ್ಪತ್ತು ಮಂದಿ, ವಾರಕ್ಕೊಂದು ಸಭೆ, ಉಳಿತಾಯದ ಪಾಸ್‌ಬುಕ್ಕು, ತಡವಾಗಿ ಬಂದವರಿಗೆ ದಂಡ. ಯಾರಿಗೆ ಯಾವುದಕ್ಕೆ ಸಾಲವೆಂದು ತೀರ್ಮಾನಿಸುವುದು ಸಭೆಯೇ. ಆಸ್ಪತ್ರೆ ಖರ್ಚೋ ಕುರಿಯೋ ಮೊದಲು ಎಂಬ ಜಗಳವೂ ಅಲ್ಲೇ ತೀರಬೇಕು. ತೀರಿದ್ದು ನಡಾವಳಿ ಪುಸ್ತಕಕ್ಕೆ ಏರಬೇಕು. ಓದು ಬಾರದ ಹೆಂಗಸರು ಹೆಬ್ಬೆಟ್ಟು ಒತ್ತಿ, ಬರೆದದ್ದನ್ನು ಇನ್ನೊಬ್ಬರಿಂದ ಓದಿಸಿ ಕೇಳುತ್ತಿದ್ದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ಹೊರಟಿತು. ಇಂದು ಸ್ವಸಹಾಯ ಸಂಘವೆಂದರೆ ಸಾಲದ ಏಜೆನ್ಸಿ ಎಂದುಕೊಂಡವರಿಗೆ ಅದರ ಬೇರು ಈ ಸಭೆಯ ಶಿಸ್ತಿನಲ್ಲಿದೆ ಎಂಬುದು ತಿಳಿದಿಲ್ಲ.

ಇನ್ನೊಂದು ಕಡೆಯಿಂದ ಬಂದದ್ದು ಕಾಯ್ದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮುತುವರ್ಜಿಯಿಂದ ತಂದ 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡಿದ್ದ ಅವರು ನೀರಿಗಿಂತ ದೊಡ್ಡದನ್ನು ಹಳ್ಳಿಗೆ ಕೊಟ್ಟರು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು, ಜಿಲ್ಲೆಯ ಇಲಾಖೆಗಳು ಪರಿಷತ್ತಿನಡಿ ಬಂದವು, ಮಹಿಳೆಯರಿಗೆ ಕಾಲು ಭಾಗ ಸ್ಥಾನ ಮೀಸಲಾಯಿತು. ಸಂವಿಧಾನದ 73ನೇ ತಿದ್ದುಪಡಿಗೆ ಆಗಿನ್ನೂ ಐದಾರು ವರ್ಷ ಬಾಕಿಯಿತ್ತು. ಹತ್ತು ಸಾವಿರದ ಆಸುಪಾಸಿನ ಜನಕ್ಕೆ ಒಂದು ಮಂಡಲ, ಅದಕ್ಕೊಬ್ಬ ಪ್ರಧಾನ. ಶಾಲೆಗೆ ಮೇಷ್ಟರು ಬಂದರೋ ಇಲ್ಲವೋ ಎಂದು ಕೇಳುವ ಅಧಿಕಾರ ಊರಿನವರ ಕೈಗೆ ಬಂದದ್ದು ಆಗಲೇ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರಲ್ಲಿ ಮಂಡಲಗಳ ಅವಧಿ ಮುಗಿದಾಗ ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದು ಕೂತರು.

ಕೇರಳ ಈ ಎರಡೂ ಎಳೆಗಳನ್ನು ಹೊಸೆಯಿತು. 1996ರ ಜನಕೀಯ ಯೋಜನೆ ಸ್ಥಳೀಯ ಸಂಸ್ಥೆಗಳಿಗೆ ಯೋಜನಾ ವೆಚ್ಚದ ಮೂರನೇ ಒಂದು ಪಾಲನ್ನೂ ಮೀರಿ ಹಣ ಕೊಟ್ಟಿತು. 1998ರ ಕುಟುಂಬಶ್ರೀ ಯೋಜನೆ ಮಹಿಳೆಯರ ನೆರೆಹೊರೆ ಗುಂಪುಗಳಾದ ಅಯಲ್‌ಕೂಟಂಗಳನ್ನು ವಾರ್ಡಿನ ಮೂಲಕ ಪಂಚಾಯಿತಿಗೆ ಜೋಡಿಸಿತು. ಕರ್ನಾಟಕದಲ್ಲಿ ಸಂಘ ಒಂದು ಇಲಾಖೆಗೆ, ಪಂಚಾಯಿತಿ ಇನ್ನೊಂದಕ್ಕೆ ಸೇರಿ ದೂರವಾದವು.

ನಗರದ ಕಥೆ ಇದರ ನಂತರದ್ದು. ಸಂವಿಧಾನದ 74ನೇ ತಿದ್ದುಪಡಿ ಜನಸಂಖ್ಯೆ ಮೂರು ಲಕ್ಷ ದಾಟಿದ ನಗರಗಳಿಗೆ ವಾರ್ಡ್ ಸಮಿತಿ ಕಡ್ಡಾಯ ಮಾಡಿತು. 1994ರಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಎಂಬವರು ನಾಗರಿಕರಿಂದಲೇ ಸೇವಾ ಸಂಸ್ಥೆಗಳಿಗೆ ಅಂಕ ಕೊಡಿಸಿದ್ದು ಒಳ್ಳೆಯ ಕೆಲಸ, ಇಲಾಖೆಗಳಿಗೆ ನಿಜಕ್ಕೂ ಮುಜುಗರವಾಯಿತು. ಆದರೆ ಬೆಂಗಳೂರಿನ ಮೊದಲ ಸಮಿತಿಗಳು ನೂರು ವಾರ್ಡಿಗೆ ಮೂವತ್ತು ಮಾತ್ರ, ಅದೂ ನಾಮಕರಣದಿಂದ. ಕೃಷ್ಣ ಸರ್ಕಾರದ ಅಜೆಂಡಾ ಕಾರ್ಯಪಡೆಗಂತೂ ಯಾರೂ ಮತ ಹಾಕಿರಲಿಲ್ಲ. ದಕ್ಷತೆಯ ಹೆಸರಿನಲ್ಲಿ ಚುನಾಯಿತ ಪಾಲಿಕೆಯನ್ನು ಬಳಸಿ ದಾಟುವ ಚಾಳಿ ಶುರುವಾದದ್ದು ಅಲ್ಲಿಂದಲೇ.

ವಾರ್ಡ್ ಸಮಿತಿಗೆ ಮರುಜೀವ ಕೊಟ್ಟದ್ದು ಕಸ. 2012ರಲ್ಲಿ ಮಾವಳ್ಳಿಪುರದ ಗುಂಡಿ ಮುಚ್ಚಿ ನಗರದ ಮೂಲೆಮೂಲೆಯಲ್ಲಿ ಕಸ ಬಿದ್ದಾಗ ವಿಷಯ ಹೈಕೋರ್ಟಿಗೆ ಹೋಯಿತು, ಪ್ರತಿ ವಾರ್ಡಿಗೂ ಸಮಿತಿ ಬೇಕೆಂದು ನ್ಯಾಯಾಲಯ ಒತ್ತಾಯಿಸಿತು. ಆದರೂ 198 ವಾರ್ಡುಗಳಿಗೆ ಸಮಿತಿ ರೂಪುಗೊಳ್ಳಲು 2017-18 ಬರಬೇಕಾಯಿತು. ಅಷ್ಟರಲ್ಲಿ ಸದ್ದಿಲ್ಲದೆ ಬೇರೊಂದು ಆಗಿತ್ತು. ಕಸ ಆಯುವವರಿಗೆ ಪಾಲಿಕೆಯೇ ಗುರುತಿನ ಚೀಟಿ ಕೊಟ್ಟಿತ್ತು, ಹಸಿರು ದಳ ಸಂಸ್ಥೆಯ ಜೊತೆಗಿದ್ದ ಹಲವರು ವಾರ್ಡಿನ ಒಣಕಸ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸತೊಡಗಿದ್ದರು. ಈ ಅವಧಿಯಲ್ಲಿ ನೆರೆಹೊರೆಗೆ ಬಲ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಪುಟ್ಟೇನಹಳ್ಳಿ, ಕೈಕೊಂಡ್ರಹಳ್ಳಿ ಕೆರೆಗಳನ್ನು ಸುತ್ತಲಿನ ನಿವಾಸಿಗಳು ಉಳಿಸಿದ್ದೂ ಸಣ್ಣ ಮಾತಲ್ಲ. ಆದರೆ ಬೇಲಿ, ವಾಕಿಂಗ್ ಪಥ, ಸಮಯದ ಫಲಕ ಬಂದ ಕೆರೆಗಳಲ್ಲಿ ದನ ತೊಳೆಯುವವರಿಗೆ, ಮೇವು ಕೊಯ್ಯುವವರಿಗೆ ಜಾಗ ಉಳಿದಿದೆಯೇ ಎಂದು ಕೇಳಿದವರು ಕಡಿಮೆ. ವಾರ್ಡ್ ಸಭೆಯಲ್ಲೂ ಇದೇ ಕೊರತೆ. ಮುಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಬಡಾವಣೆ ಸಂಘದ ನಿವೃತ್ತರು ಇರುತ್ತಾರೆ, ಎಂಜಿನಿಯರ್ ಕಾಮಗಾರಿ ಪಟ್ಟಿ ಓದುತ್ತಾರೆ. ಮನೆಗೆಲಸದವರು, ಗಾರೆಯವರು ಆ ಹೊತ್ತಿನಲ್ಲಿ ಕೆಲಸದಲ್ಲಿರುತ್ತಾರೆ. ಮನೆ ಮಾಲೀಕರಿಗಷ್ಟೇ ಸದಸ್ಯತ್ವ ಕೊಡುವ ಸಂಘಗಳಲ್ಲಿ ಬಾಡಿಗೆದಾರರ ಮಾತು ಏಳುವುದೇ ಇಲ್ಲ.

ಕರ್ನಾಟಕದ ಪಂಚಾಯತ್‌ರಾಜ್ ಕಾಯ್ದೆ ಸುಮಾರು 400 ಜನರಿಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರನ್ನು ಕೊಡುತ್ತದೆ. 2011ರ ಜನಗಣತಿಯ ಲೆಕ್ಕದಲ್ಲಿ ಬೆಂಗಳೂರಿನ ಒಬ್ಬ ಕಾರ್ಪೊರೇಟರ್ ಪಾಲಿಗೆ ಸರಾಸರಿ ನಲವತ್ತು ಸಾವಿರಕ್ಕೂ ಹೆಚ್ಚು ಜನ. 2020ರ ಸೆಪ್ಟೆಂಬರ್‌ನಿಂದ, ನಗರ ಪಾಲಿಕೆ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದ 2025ರ ಸೆಪ್ಟೆಂಬರ್‌ವರೆಗೆ, ಆ ಒಬ್ಬರೂ ಇರಲಿಲ್ಲ. ಸಭೆ, ಸಮಾಲೋಚನೆ, ಆ್ಯಪ್ ಎಲ್ಲವೂ ನಡೆದವು. 1992ರಲ್ಲಿ ಮಂಡಲಗಳಿಗೆ ಆದದ್ದೇ ಮರುಕಳಿಸಿತು ಎಂದು ಬರೆದವರು ಬೆರಳೆಣಿಕೆಯಷ್ಟು.

ಮಂಡಲ ಪಂಚಾಯಿತಿಗಳ ಠರಾವು ಪುಸ್ತಕಗಳನ್ನೂ ಹಳೆಯ ಸಂಘಗಳ ನಡಾವಳಿಗಳನ್ನೂ ಒಂದೆಡೆ ಕಲೆಹಾಕುವ ಕೆಲಸಕ್ಕೆ ಯಾವ ವಿಶ್ವವಿದ್ಯಾಲಯವೂ ಗಂಭೀರವಾಗಿ ಕೈಹಾಕಿದಂತಿಲ್ಲ. ಕೊಳೆಗೇರಿ ಸಂಘಟನೆಗಳ ಕಾಗದಪತ್ರಗಳ ಗತಿ ಇನ್ನೂ ಶೋಚನೀಯ. ಐದು ಪಾಲಿಕೆಗಳ ವಾರ್ಡ್ ಸಮಿತಿಗಳಲ್ಲಿ ಯಾರಿರಬೇಕು, ಸಭೆ ಯಾವ ಹೊತ್ತಿಗೆ, ಎಷ್ಟು ಹಣ ಸಮಿತಿಯ ಸಹಿಯಿಂದ ಖರ್ಚಾಗಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಆ ಪುಸ್ತಕಗಳೇ ಮೊದಲ ಆಕರ.