ಬಿ.ಜಿ.ಎಲ್. ಸ್ವಾಮಿ: ಕಾಡಿನ ಗಿಡಗಳನ್ನು ಕನ್ನಡಿಗರ ಮನೆಗೆ ತಂದ ಸಸ್ಯವಿಜ್ಞಾನಿ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ (1918-1980) ಸಸ್ಯವಿಜ್ಞಾನಿ, ಪ್ರಾಧ್ಯಾಪಕ ಮತ್ತು ಕನ್ನಡ ಲೇಖಕ. 'ಮಂಕುತಿಮ್ಮನ ಕಗ್ಗ'ದ ಕರ್ತೃ ಡಿ.ವಿ. ಗುಂಡಪ್ಪ ಅವರ ಮಗ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸ್ವಾಮಿ, 1947ರಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಪದವಿ ಪಡೆದರು. ಆರ್ಕಿಡ್‌ಗಳ ಭ್ರೂಣರಚನೆ ಅವರ ಆರಂಭದ ಸಂಶೋಧನಾ ಕ್ಷೇತ್ರ. ಬಳಿಕ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊ. ಇರ್ವಿಂಗ್ ಬೈಲಿ ಅವರೊಂದಿಗೆ ಕೆಲಸ ಮಾಡಿದರು.

ದಕ್ಷಿಣ ಭಾರತದ ಕಾಡುಗಳಲ್ಲೂ ಬೆಳೆಯುವ ಸಾರ್ಕಾಂಡ್ರ ಎಂಬ ಗಿಡದ ಕಾಂಡದಲ್ಲಿ ನೀರು ಸಾಗಿಸುವ ನಾಳಗಳಿಲ್ಲ ಎಂದು ಇಬ್ಬರೂ 1950ರಲ್ಲಿ ವರದಿ ಮಾಡಿದರು. ಬಹುತೇಕ ಹೂಬಿಡುವ ಸಸ್ಯಗಳಲ್ಲಿ ಈ ನಾಳಗಳಿರುತ್ತವೆ. ಹಾಗಾಗಿ ಹೂಗಿಡಗಳ ವಿಕಾಸದ ಚರ್ಚೆಯಲ್ಲಿ ಈ ಪುಟ್ಟ ಗಿಡಕ್ಕೆ ಮಹತ್ವ ಬಂತು. ಮುಂದಿನ ಅಧ್ಯಯನಗಳು ಆ ತೀರ್ಮಾನವನ್ನು ತಿದ್ದಿದವು. ಸಾರ್ಕಾಂಡ್ರದ ಒಂದು ಪ್ರಭೇದಕ್ಕೆ ಸ್ವಾಮಿ ಬೈಲಿ ಅವರ ಹೆಸರನ್ನೇ ಇಟ್ಟರು.

ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಹೇಳಿ, ಅಲ್ಲೇ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳೊಂದಿಗೆ ಪಶ್ಚಿಮ ಘಟ್ಟ ಸುತ್ತಿದ ಅನುಭವವೇ 'ಹಸುರು ಹೊನ್ನು'. ಗಿಡಗಳ ಚಿತ್ರಗಳನ್ನೂ ತಾವೇ ಬರೆದರು. ಆಲೂಗಡ್ಡೆ, ಮೆಣಸಿನಕಾಯಿ, ಕಡಲೆಕಾಯಿ ನಮ್ಮ ಅಡುಗೆಮನೆ ಸೇರಿದ ಬಗೆಯನ್ನು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಹೇಳುತ್ತದೆ. ಚೆನ್ನೈ ಬದುಕು 'ತಮಿಳು ತಲೆಗಳ ನಡುವೆ' ಕೃತಿಯಲ್ಲಿದೆ.

'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ತಂದೆ ಡಿವಿಜಿ ಅವರಿಗೆ ಇದೇ ಪ್ರಶಸ್ತಿ 1967ರಲ್ಲಿ ಬಂದಿತ್ತು. ಸಸ್ಯಶಾಸ್ತ್ರವನ್ನು ನಗುನಗುತ್ತಾ ಕನ್ನಡದಲ್ಲೇ ಹೇಳಬಹುದೆಂದು ಸ್ವಾಮಿ ತೋರಿಸಿಕೊಟ್ಟರು.